ಮೂವತ್ತು ವರ್ಷದ ಸಾರಿಗೆ ಯೋಜನೆಗೆ ಯಾರ ಕಾವಲು?

2008ರ ನವೆಂಬರ್‌ನಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಕೌಂಟಿಯ ಮತದಾರರು ತಮ್ಮ ಮೇಲೆ ತಾವೇ ಒಂದು ತೆರಿಗೆಯನ್ನು ಹೇರಿಕೊಂಡರು. ‘ಮೆಷರ್ ಆರ್’ ಎಂಬ ಆ ಪ್ರಸ್ತಾವದ ಪ್ರಕಾರ ಮಾರಾಟ ತೆರಿಗೆಗೆ ಶೇ 0.5ರಷ್ಟು ಸೇರಿಕೊಂಡಿತು. ಅದು 30 ವರ್ಷಗಳ ಕಾಲ ವಸೂಲಾಗಬೇಕು, ಬಂದ ಹಣ ರೈಲು, ಬಸ್ಸು ಮತ್ತು ರಸ್ತೆಗಳಿಗೆ ಹೋಗಬೇಕು ಎಂಬುದು ನಿಯಮ. ಇಂತಹ ತೆರಿಗೆಗೆ ಅಲ್ಲಿ ಮೂರನೇ ಎರಡು ಪಾಲು ಮತ ಬೇಕಾಗಿತ್ತು, ಜನ ಅಷ್ಟನ್ನೂ ಕೊಟ್ಟರು.

ಆ ದಿನ ಮತ ಹಾಕಲು ನಿಂತವರ ಸ್ಥಾನದಲ್ಲಿ ನಿಮ್ಮನ್ನು ಒಮ್ಮೆ ಇಟ್ಟುಕೊಂಡು ಯೋಚಿಸಿ. ಅವರಿಗೆ ಸಿಕ್ಕಿದ್ದು ಕಾಮಗಾರಿಗಳ ಒಂದು ಪಟ್ಟಿ, ಒಂದಷ್ಟು ಅಂದಾಜು ಮೊತ್ತಗಳು ಮತ್ತು ಇಂತಿಷ್ಟು ವರ್ಷಗಳೊಳಗೆ ಮುಗಿಸುತ್ತೇವೆ ಎಂಬ ಮಾತು. ಅದಕ್ಕೆ ಪ್ರತಿಯಾಗಿ ಅವರು ಕೊಟ್ಟಿದ್ದು ಮುಂದಿನ ಮೂರು ದಶಕಗಳ ತೆರಿಗೆ. ಮೂವತ್ತು ವರ್ಷಗಳಲ್ಲಿ ಅಂದಾಜು ತಯಾರಿಸಿದ ಎಂಜಿನಿಯರ್ ನಿವೃತ್ತರಾಗುತ್ತಾರೆ, ಅದಕ್ಕೆ ಸಹಿ ಹಾಕಿದ ಅಧಿಕಾರಿ ಬೇರೆಡೆಗೆ ಹೋಗುತ್ತಾರೆ, ವೇದಿಕೆಯ ಮೇಲೆ ಭರವಸೆ ಕೊಟ್ಟ ಜನಪ್ರತಿನಿಧಿ ಇನ್ನೊಂದು ಹುದ್ದೆ ಹಿಡಿಯುತ್ತಾರೆ ಅಥವಾ ಚುನಾವಣೆಯಲ್ಲಿ ಸೋಲುತ್ತಾರೆ, ವರದಿ ಬರೆದ ಸಲಹಾ ಸಂಸ್ಥೆ ಮತ್ತೊಂದರಲ್ಲಿ ವಿಲೀನವಾಗುತ್ತದೆ. ಮಾತು ಕೊಟ್ಟವರಲ್ಲಿ ಯಾರೂ ಜಾಗದಲ್ಲಿ ಇಲ್ಲದಿರುವಾಗ ಮಾತು ಪಡೆದವರು ಮಾತ್ರ ಊರಲ್ಲಿ ಉಳಿದಿರುತ್ತಾರೆ. ಆದ್ದರಿಂದ ನಾನು ನಿಮ್ಮ ಮುಂದೆ ಇಡಬಯಸುವ ವಾದ ಇಷ್ಟು. ನಗರದ ಸಾರಿಗೆಯ ಮೇಲೆ ನಾಗರಿಕರು ನಡೆಸುವ ಮೇಲುಸ್ತುವಾರಿಯ ತಳಪಾಯವೆಂದರೆ ಮೊದಲ ದಿನ ಏನು ಹೇಳಲಾಗಿತ್ತು ಎಂಬುದನ್ನು ಬರಹದಲ್ಲಿ ಹಿಡಿದಿಟ್ಟು, ಪ್ರತಿ ವರ್ಷವೂ ಅದೇ ಅಳತೆಯಿಂದ ಅಳೆಯುವುದು. ಅಕ್ರಮಗಳನ್ನು ಪತ್ತೆ ಹಚ್ಚುವುದು, ಟೆಂಡರುಗಳನ್ನು ಪರಿಶೀಲಿಸುವುದು ಇವೆಲ್ಲ ಮುಖ್ಯವೇ. ಆದರೆ ಈ ತಳಪಾಯ ಇಲ್ಲದ ಕಡೆ ಅವು ಹೆಚ್ಚು ದಿನ ನಿಲ್ಲುವುದಿಲ್ಲ.

ದೀರ್ಘಾವಧಿ ಯೋಜನೆ ಎಂದಾಗ ನಮ್ಮ ಕಣ್ಣ ಮುಂದೆ ಬರುವುದು ಬಣ್ಣದ ನಕಾಶೆಗಳಿರುವ ಒಂದು ದಪ್ಪ ಪುಸ್ತಕ. ವಾಸ್ತವದಲ್ಲಿ ಹಣ ಚಲಿಸುವುದು ಮೂರು ಬೇರೆ ಬೇರೆ ದಾಖಲೆಗಳ ಮೂಲಕ. ಅಮೆರಿಕದ ಪದ್ಧತಿಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ಪ್ರತಿ ಮಹಾನಗರ ಪ್ರದೇಶವೂ ಕನಿಷ್ಠ 20 ವರ್ಷ ಮುಂದಕ್ಕೆ ನೋಡುವ ಸಾರಿಗೆ ಯೋಜನೆಯನ್ನು ಇಟ್ಟುಕೊಂಡಿರಬೇಕು. ಅದರ ಕೆಳಗೆ ಕನಿಷ್ಠ ನಾಲ್ಕು ವರ್ಷಗಳ ಕಾಮಗಾರಿ ಕಾರ್ಯಕ್ರಮ ಇರಬೇಕು, ಯಾವ ಕಾಮಗಾರಿಗೆ ಯಾವ ವರ್ಷ ಯಾವ ಮೂಲದಿಂದ ಎಷ್ಟು ಹಣ ಎಂಬುದು ಅದರಲ್ಲಿ ಇರುತ್ತದೆ. ಅದಕ್ಕೂ ಕೆಳಗೆ ಆಯಾ ಸಂಸ್ಥೆಯ ವಾರ್ಷಿಕ ಆಯವ್ಯಯ. 1991ರ ಕಾನೂನು ಇನ್ನೊಂದು ಷರತ್ತನ್ನು ಸೇರಿಸಿತು. ಕೈಗೆ ಬರುವುದೆಂದು ಸಮಂಜಸವಾಗಿ ನಿರೀಕ್ಷಿಸಬಹುದಾದ ಹಣದ ಮಿತಿಯೊಳಗೇ ಈ ಯೋಜನೆಗಳು ಇರಬೇಕು, ಬಯಕೆಗಳನ್ನೆಲ್ಲ ಪಟ್ಟಿ ಮಾಡಿ ಯೋಜನೆ ಎಂದು ಕರೆಯುವಂತಿಲ್ಲ.

ಇಪ್ಪತ್ತು ವರ್ಷದ ಯೋಜನೆ ಪ್ರಕಟವಾದಾಗ ಸಭಾಂಗಣ ತುಂಬುತ್ತದೆ, ಪತ್ರಿಕೆಗಳು ಬರೆಯುತ್ತವೆ, ಸಾವಿರಾರು ಸಲಹೆಗಳು ಬರುತ್ತವೆ. ನಾಲ್ಕು ವರ್ಷದ ಕಾರ್ಯಕ್ರಮ ತಿದ್ದುಪಡಿಯಾಗುವಾಗ ಆ ಸಭೆಗೆ ಬೆರಳೆಣಿಕೆಯ ಜನ ಬಂದಿರುತ್ತಾರೆ. ಆದರೆ ಪಾದಚಾರಿ ಮಾರ್ಗದ ಕಾಮಗಾರಿ ಎರಡು ವರ್ಷ ಮುಂದಕ್ಕೆ ಹೋಗುವುದು, ಮೇಲ್ಸೇತುವೆ ಎರಡು ವರ್ಷ ಮೊದಲೇ ಬರುವುದು ಈ ಎರಡನೇ ಸಭೆಯಲ್ಲಿ. ಯಾವ ಕಾಮಗಾರಿಯನ್ನೂ ಯಾರೂ ರದ್ದುಪಡಿಸಿರುವುದಿಲ್ಲ, ಎಲ್ಲವೂ ಯೋಜನೆಯಲ್ಲಿ ಇದ್ದೇ ಇರುತ್ತವೆ, ಕೆಲವು ಮಾತ್ರ ಪ್ರತಿ ಸಲವೂ ಮುಂದಿನ ಅವಧಿಗೆ ಜಾರುತ್ತವೆ. ಇದನ್ನು ಹಿಡಿಯಬೇಕಾದರೆ ಹಳೆಯ ಕಾರ್ಯಕ್ರಮವನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿ ಇಟ್ಟು ಓದುವ ಯಾರಾದರೊಬ್ಬರು ಇರಬೇಕು. ಒಂದು ನಾಗರಿಕ ಸಮಿತಿ ಬೇರೇನನ್ನೂ ಮಾಡದೆ ಪ್ರತಿ ವರ್ಷ ಈ ಒಂದು ಹೋಲಿಕೆಯನ್ನು ಪ್ರಕಟಿಸಿದರೂ ನಗರದ ನಿಜವಾದ ಆದ್ಯತೆಗಳು ಯಾವುವು ಎಂಬುದು ಹತ್ತು ವರ್ಷಗಳಲ್ಲಿ ಎಲ್ಲರಿಗೂ ತಿಳಿದುಹೋಗುತ್ತದೆ.

ಇನ್ನು ಅಂದಾಜುಗಳ ವಿಷಯ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಮೇಲುಸ್ತುವಾರಿ ಸಮಿತಿಗಳು ಅತಿ ಕಡಿಮೆ ಪ್ರಶ್ನೆ ಕೇಳುವುದು ಈ ಭಾಗದಲ್ಲಿ. ಡೆನ್ಮಾರ್ಕ್‌ನ ವಿದ್ವಾಂಸ ಬೆಂಟ್ ಫ್ಲೂಬ್ಯರ್ ಮತ್ತು ಅವರ ಸಂಗಡಿಗರು 20 ದೇಶಗಳ 258 ಸಾರಿಗೆ ಕಾಮಗಾರಿಗಳನ್ನು ಅಧ್ಯಯನ ಮಾಡಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಹತ್ತರಲ್ಲಿ ಒಂಬತ್ತು ಕಾಮಗಾರಿಗಳ ವೆಚ್ಚ ಅಂದಾಜನ್ನು ಮೀರಿತ್ತು. ಸರಾಸರಿ ತೆಗೆದರೆ ರೈಲು ಕಾಮಗಾರಿಗಳಲ್ಲಿ ಶೇ 45ರಷ್ಟು, ಸೇತುವೆ ಮತ್ತು ಸುರಂಗಗಳಲ್ಲಿ ಶೇ 34ರಷ್ಟು, ರಸ್ತೆಗಳಲ್ಲಿ ಶೇ 20ರಷ್ಟು ಹೆಚ್ಚು ಖರ್ಚಾಗಿತ್ತು. 2005ರಲ್ಲಿ ಅವರೇ ಪ್ರಕಟಿಸಿದ ಇನ್ನೊಂದು ಅಧ್ಯಯನವು ಪ್ರಯಾಣಿಕರ ಸಂಖ್ಯೆಯ ಮುನ್ನಂದಾಜುಗಳನ್ನು ನೋಡಿತು. ರೈಲುಗಳಲ್ಲಿ ನಿಜವಾಗಿ ಪ್ರಯಾಣಿಸಿದವರು ಮುನ್ನಂದಾಜಿನ ಸುಮಾರು ಅರ್ಧದಷ್ಟು ಮಾತ್ರ. ರಸ್ತೆಗಳ ವಿಷಯದಲ್ಲೂ ಅರ್ಧದಷ್ಟು ಕಾಮಗಾರಿಗಳ ಸಂಚಾರ ಮುನ್ನಂದಾಜು ಶೇ 20ಕ್ಕಿಂತ ಹೆಚ್ಚು ತಪ್ಪಾಗಿತ್ತು.

ಈ ಅಂಕಿಗಳಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ಮತ್ತೊಂದು ಸಂಗತಿ. ಅಧ್ಯಯನಕ್ಕೆ ಒಳಗಾದ ಸುಮಾರು 70 ವರ್ಷಗಳ ಅವಧಿಯಲ್ಲಿ ವೆಚ್ಚದ ಅಂದಾಜುಗಳು ಸುಧಾರಿಸಿಯೇ ಇಲ್ಲ. ಲೆಕ್ಕಾಚಾರದ ಸಾಧನಗಳು ಬದಲಾದವು, ಗಣಕಯಂತ್ರಗಳು ಬಂದವು, ಸಂಚಾರದ ಮಾದರಿಗಳು ಸೂಕ್ಷ್ಮವಾದವು, ಆದರೂ ತಪ್ಪು ಒಂದೇ ದಿಕ್ಕಿನಲ್ಲಿ ಉಳಿಯಿತು. ತಪ್ಪುಗಳು ಅಜ್ಞಾನದಿಂದ ಮಾತ್ರ ಆಗುತ್ತಿದ್ದರೆ ಕೆಲವು ಅಂದಾಜುಗಳು ಮೇಲಕ್ಕೂ ಕೆಲವು ಕೆಳಕ್ಕೂ ತಪ್ಪಬೇಕಿತ್ತು. ಹಾಗಾಗದಿರುವುದಕ್ಕೆ ಎರಡು ಕಾರಣಗಳನ್ನು ಆ ಸಂಶೋಧಕರು ಮುಂದಿಡುತ್ತಾರೆ. ಒಂದು, ತಮ್ಮ ಕೆಲಸ ಸುಸೂತ್ರವಾಗಿ ಸಾಗುತ್ತದೆಂದು ನಂಬುವ ಮನುಷ್ಯ ಸಹಜ ಆಶಾವಾದ. ಇನ್ನೊಂದು, ಸೀಮಿತ ಅನುದಾನಕ್ಕಾಗಿ ಹಲವು ಕಾಮಗಾರಿಗಳು ಪೈಪೋಟಿ ನಡೆಸುವಾಗ ವೆಚ್ಚವನ್ನು ಕಡಿಮೆ ತೋರಿಸಿ ಲಾಭವನ್ನು ಹೆಚ್ಚು ತೋರಿಸಿದ ಕಾಮಗಾರಿಯೇ ಗೆಲ್ಲುತ್ತದೆ ಎಂಬ ವಾಸ್ತವ. ಎರಡನೆಯದು ನಮ್ಮ ವಿಷಯಕ್ಕೆ ತೀರಾ ಹತ್ತಿರದ್ದು. ಪ್ರಾಮಾಣಿಕ ಅಂದಾಜು ತಯಾರಿಸಿದ ಅಧಿಕಾರಿಯ ಕಾಮಗಾರಿ ಪಟ್ಟಿಯಲ್ಲಿ ಕೆಳಗೆ ಬೀಳುವಂತಿದ್ದರೆ ಆ ಅಧಿಕಾರಿಗೆ ಪ್ರಾಮಾಣಿಕತೆಯನ್ನು ಬೋಧಿಸಿ ಉಪಯೋಗವಿಲ್ಲ. ಹೊರಗಿನ ಒಬ್ಬರು ಕುಳಿತು, ಇದೇ ಬಗೆಯ ಹಿಂದಿನ ಕಾಮಗಾರಿಗಳಲ್ಲಿ ಅಂದಾಜು ಎಷ್ಟಿತ್ತು, ಕೊನೆಗೆ ಎಷ್ಟಾಯಿತು ಎಂದು ಕೇಳಬೇಕು. ಸಾಮಾನ್ಯ ನಾಗರಿಕರೂ ಕೇಳಬಹುದಾದ ಪ್ರಶ್ನೆ ಇದು. ಇದಕ್ಕೆ ಎಂಜಿನಿಯರಿಂಗ್ ಪದವಿ ಬೇಡ, ಹಳೆಯ ಕಡತ ಬೇಕು.

ಬ್ರಿಟನ್‌ನಲ್ಲಿ 2004ರ ಹೊತ್ತಿಗೆ ಈ ಪ್ರಶ್ನೆಯನ್ನೇ ವಿಧಿವತ್ತಾಗಿ ಕೇಳುವ ಪದ್ಧತಿ ಬಂತು. ಅದನ್ನು ಮೊದಲು ಬಳಸಿದ್ದು ಎಡಿನ್‌ಬರೋ ನಗರದ ಟ್ರಾಮ್ ಯೋಜನೆಯ ಎರಡನೇ ಮಾರ್ಗದ ಮೇಲೆ. ಪ್ರವರ್ತಕರ ಅಂದಾಜು 32 ಕೋಟಿ ಪೌಂಡ್. ಹಿಂದಿನ ಕಾಮಗಾರಿಗಳ ಅನುಭವವನ್ನು ಲೆಕ್ಕಕ್ಕೆ ತೆಗೆದುಕೊಂಡ ಪರಿಶೀಲಕರು, ವೆಚ್ಚ ಮಿತಿಯೊಳಗೆ ಉಳಿಯುತ್ತದೆ ಎಂಬುದಕ್ಕೆ ಶೇ 80ರಷ್ಟು ಖಾತರಿ ಬೇಕಿದ್ದರೆ 40 ಕೋಟಿ ಪೌಂಡ್ ಇಟ್ಟುಕೊಳ್ಳಿ ಎಂದರು. ಅಂದರೆ ಎಚ್ಚರಿಕೆ ಮೊದಲೇ ಸಿಕ್ಕಿತ್ತು. ಅದೇ ನಗರದಲ್ಲಿ ಆ ನಂತರ ನಡೆದದ್ದನ್ನು ನಾನು ಸ್ವಲ್ಪ ವಿವರವಾಗಿ ಹೇಳಬೇಕು.

2007ರಲ್ಲಿ ಎಡಿನ್‌ಬರೋ ಟ್ರಾಮ್‌ಗೆ ನಿಗದಿಯಾದ ಹಣ 54.5 ಕೋಟಿ ಪೌಂಡ್, ಅದರಲ್ಲಿ 50 ಕೋಟಿ ಸ್ಕಾಟ್ಲೆಂಡ್ ಸರ್ಕಾರದ ಅನುದಾನ, ಉಳಿದದ್ದು ನಗರ ಪರಿಷತ್ತಿನದು. ವಿಮಾನ ನಿಲ್ದಾಣದಿಂದ ನಗರದ ಮಧ್ಯಭಾಗ ದಾಟಿ ಬಂದರಿನ ಕಡೆಯ ನ್ಯೂಹೇವನ್‌ವರೆಗೆ ಮಾರ್ಗ, 2011ರಲ್ಲಿ ಸಂಚಾರ ಆರಂಭ ಎಂಬುದು ಮಾತು. ಕೆಲಸವನ್ನು ನೋಡಿಕೊಳ್ಳಲು ಪರಿಷತ್ತು ತನ್ನದೇ ಒಡೆತನದ, ಆದರೆ ತನ್ನಿಂದ ಪ್ರತ್ಯೇಕವಾಗಿ ನಡೆಯುವ ಒಂದು ಕಂಪನಿಯನ್ನು ಇಟ್ಟುಕೊಂಡಿತ್ತು. ರಸ್ತೆಯಡಿಯ ನೀರು, ಅನಿಲ, ದೂರವಾಣಿ ಕೊಳವೆಗಳನ್ನು ಸ್ಥಳಾಂತರಿಸುವ ಕೆಲಸವೇ ಅಂದುಕೊಂಡದ್ದಕ್ಕಿಂತ ಬಹಳ ಎಳೆಯಿತು. ಗುತ್ತಿಗೆದಾರರಿಗೂ ಕಂಪನಿಗೂ ವ್ಯಾಜ್ಯ ಹುಟ್ಟಿ ಕೆಲಸ ನಿಂತು ನಿಂತು ಸಾಗಿತು. ಕೊನೆಗೆ 2014ರ ಮೇ 31ರಂದು ಟ್ರಾಮ್ ಓಡಿದಾಗ ಖರ್ಚಾಗಿದ್ದು 77.6 ಕೋಟಿ ಪೌಂಡ್. ಮಾರ್ಗ ನ್ಯೂಹೇವನ್ ಮುಟ್ಟದೆ ನಗರದ ಮಧ್ಯದಲ್ಲೇ ಮುಗಿದಿತ್ತು. ಉಳಿದ ಭಾಗ ಬೇರೆ ಹಣದಿಂದ, ಬೇರೆ ಕಾಮಗಾರಿಯಾಗಿ ನಡೆದು, ಅಲ್ಲಿಗೆ ಟ್ರಾಮ್ ತಲುಪಿದ್ದು 2023ರ ಜೂನ್‌ನಲ್ಲಿ.

ಇಲ್ಲಿ ತಪ್ಪಿದ್ದು ಯಾವುದು? 2014ರಲ್ಲಿ ನಿವೃತ್ತ ನ್ಯಾಯಾಧೀಶ ಲಾರ್ಡ್ ಹಾರ್ಡಿ ಅವರ ನೇತೃತ್ವದಲ್ಲಿ ವಿಚಾರಣೆ ಆರಂಭವಾಗಿ ಅದರ ವರದಿ 2023ರ ಸೆಪ್ಟೆಂಬರ್‌ನಲ್ಲಿ ಬಂತು. ವರದಿ ಆ ಕಂಪನಿಯನ್ನೂ ನಗರ ಪರಿಷತ್ತನ್ನೂ ಸರ್ಕಾರದ ಮಂತ್ರಿಗಳನ್ನೂ ಹೊಣೆ ಮಾಡಿತು. ನಮಗೆ ಮುಖ್ಯವಾದವು ಎರಡು ಅಂಶಗಳು. ತೀರ್ಮಾನ ಮಾಡಬೇಕಾಗಿದ್ದ ಚುನಾಯಿತ ಸದಸ್ಯರಿಗೆ ಒಪ್ಪಂದದ ನಿಜವಾದ ಅಪಾಯಗಳ ಬಗ್ಗೆ ಸರಿಯಾದ ಮಾಹಿತಿ ತಲುಪಿರಲಿಲ್ಲ. ಜೊತೆಗೆ, ಹಣದ ದೊಡ್ಡ ಪಾಲನ್ನು ಕೊಟ್ಟ ಸರ್ಕಾರ ತನ್ನ ಸಾರಿಗೆ ಇಲಾಖೆಯ ತಜ್ಞರನ್ನು 2007ರಲ್ಲಿ ಯೋಜನೆಯ ಉಸ್ತುವಾರಿಯಿಂದ ಹಿಂದಕ್ಕೆ ಕರೆಸಿಕೊಂಡಿತ್ತು. ಹಣ ಕೊಟ್ಟವರು ನೋಡುತ್ತಿಲ್ಲ, ನೋಡಬೇಕಾದವರಿಗೆ ಕಾಣುತ್ತಿಲ್ಲ. ಚುನಾಯಿತ ಸದಸ್ಯರಿಗೇ ತಿಳಿಯದ ಸಂಗತಿ ನಾಗರಿಕರಿಗೆ ತಿಳಿಯುವುದಾದರೂ ಹೇಗೆ? ಸಾರಿಗೆ ಕಾಮಗಾರಿಗಳಿಗೆಂದು ಪ್ರತ್ಯೇಕ ಕಂಪನಿ ಅಥವಾ ನಿಗಮ ಕಟ್ಟುವುದು ಈಗ ಜಗತ್ತಿನಾದ್ಯಂತ ರೂಢಿ. ಅದರಿಂದ ಕೆಲಸಕ್ಕೆ ವೇಗ ಬರಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ವಾಣಿಜ್ಯ ಗೋಪ್ಯತೆ ಎಂಬ ಮುದ್ರೆಯೂ ಅದರ ಜೊತೆಗೇ ಬರುತ್ತದೆ, ಮತ್ತು ಸಾರ್ವಜನಿಕ ಹಣದಲ್ಲಿ ನಡೆಯುವ ಕೆಲಸದ ಒಪ್ಪಂದವನ್ನು ಸಾರ್ವಜನಿಕರು ನೋಡಲಾಗದ ಸ್ಥಿತಿ ಹುಟ್ಟುತ್ತದೆ. ನನ್ನ ಅಭಿಪ್ರಾಯದಲ್ಲಿ ಟೆಂಡರ್ ತೆರೆಯುವವರೆಗೆ ಗೋಪ್ಯತೆಗೆ ಅರ್ಥವಿದೆ. ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ ಬೆಲೆ, ಅವಧಿ, ಅಪಾಯದ ಹಂಚಿಕೆ ಮತ್ತು ಪ್ರತಿಯೊಂದು ತಿದ್ದುಪಡಿಯೂ ಬಹಿರಂಗವಾಗಿರಬೇಕು.

ಮಾಹಿತಿಯ ಸಮಯವೂ ಅಷ್ಟೇ ಮುಖ್ಯ. ಲಂಡನ್ನಿನ ಕ್ರಾಸ್‌ರೈಲ್ ಎಂಬ ಹೊಸ ರೈಲು ಮಾರ್ಗ 2018ರ ಡಿಸೆಂಬರ್‌ನಲ್ಲಿ ತೆರೆಯಬೇಕಿತ್ತು. ಆಗುವುದಿಲ್ಲ ಎಂದು ಜನರಿಗೆ ತಿಳಿಸಿದ್ದು ಅದೇ ವರ್ಷದ ಆಗಸ್ಟ್ ಕೊನೆಯ ದಿನ. ಮಾರ್ಗದ ಮಧ್ಯಭಾಗ ತೆರೆದದ್ದು 2022ರ ಮೇ ತಿಂಗಳಲ್ಲಿ. ಮೂರೂವರೆ ವರ್ಷ ತಡವಾಗಲಿರುವ ಕಾಮಗಾರಿಯೊಂದು ಗಡುವಿಗೆ ಕೇವಲ ನಾಲ್ಕು ತಿಂಗಳು ಇರುವವರೆಗೂ ಸರಿಯಾದ ಹಾದಿಯಲ್ಲಿದೆ ಎಂದು ಹೊರಗಿನವರಿಗೆ ಕಾಣುತ್ತಿತ್ತು.

ಈಗ ಇದಕ್ಕೆ ಎದುರಾದ ಒಂದು ಉದಾಹರಣೆಗೆ ಬರೋಣ. ಸಿಯಾಟಲ್ ನಗರದ ಮತದಾರರು 2015ರಲ್ಲಿ ಒಂಬತ್ತು ವರ್ಷಗಳ, 93 ಕೋಟಿ ಡಾಲರುಗಳ ಸಾರಿಗೆ ತೆರಿಗೆಯೊಂದನ್ನು ಒಪ್ಪಿಕೊಂಡರು. ಆ ಪ್ರಸ್ತಾವದಲ್ಲಿ ರಸ್ತೆ ದುರಸ್ತಿ, ಸೇತುವೆಗಳನ್ನು ಭೂಕಂಪ ತಾಳುವಂತೆ ಬಲಪಡಿಸುವುದು, ಬಸ್ ಮಾರ್ಗಗಳ ಸುಧಾರಣೆ, ಸೈಕಲ್ ಪಥಗಳು, ಪಾದಚಾರಿ ಮಾರ್ಗಗಳು ಇವೆಲ್ಲ ಎಣಿಸಬಹುದಾದ ರೂಪದಲ್ಲಿದ್ದವು, ಇಷ್ಟು ಮೈಲಿ, ಇಷ್ಟು ಸೇತುವೆ ಎಂದು. ನಾಗರಿಕರ ಮೇಲುಸ್ತುವಾರಿ ಸಮಿತಿಯೂ ಅದರ ಭಾಗವಾಗಿತ್ತು. ಹೊಸ ಆಡಳಿತ ಬಂದು 2018ರಲ್ಲಿ ಪರಿಶೀಲನೆ ನಡೆಸಿದಾಗ, ಕೊಟ್ಟ ಮಾತುಗಳಲ್ಲಿ ಕೆಲವನ್ನು ಇರುವ ಹಣದಲ್ಲಿ ಈಡೇರಿಸಲಾಗದು ಎಂಬುದು ಹೊರಬಿತ್ತು. ಕೆಲವು ಕೆಲಸಗಳ ವೆಚ್ಚವನ್ನು ಕಡಿಮೆ ಅಂದಾಜಿಸಲಾಗಿತ್ತು, ಕೆಲವು ಕೆಲಸಗಳು ಕೇಂದ್ರ ಸರ್ಕಾರದಿಂದ ಬರಬಹುದಾದ ಅನುದಾನವನ್ನು ನೆಚ್ಚಿಕೊಂಡಿದ್ದವು. ಆ ಬಳಿಕ ಪಟ್ಟಿಯನ್ನು ಬಹಿರಂಗವಾಗಿ ಪರಿಷ್ಕರಿಸಲಾಯಿತು.

ಇದನ್ನು ಸೋಲು ಎಂದು ನೋಡುವವರಿದ್ದಾರೆ. ನಾನು ಹಾಗೆ ನೋಡುವುದಿಲ್ಲ. ಅಂದಾಜು ತಪ್ಪಿದ್ದು ಸೋಲು ಹೌದು. ಆದರೆ ಒಂಬತ್ತು ವರ್ಷದ ಅವಧಿಯಲ್ಲಿ ಮೂರನೇ ವರ್ಷದಲ್ಲೇ ಆ ತಪ್ಪು ಗೊತ್ತಾಯಿತು, ಮತ್ತು ಅದನ್ನು ಮುಚ್ಚಿಡಲು ಆಗಲಿಲ್ಲ, ಏಕೆಂದರೆ ಮಾತುಗಳು ಎಣಿಸಬಹುದಾದ ಮಾತುಗಳಾಗಿದ್ದವು. ‘ಸೈಕಲ್ ಸವಾರಿಗೆ ಉತ್ತೇಜನ’ ಎಂದು ಬರೆದಿದ್ದರೆ ಯಾವ ಸಮಿತಿಯೂ ಏನನ್ನೂ ಕೇಳುವಂತಿರಲಿಲ್ಲ. ಯೋಜನೆಯ ಕರಡು ನಿಮ್ಮ ಕೈಗೆ ಬಂದಾಗ ಅದರಲ್ಲಿರುವ ಕ್ರಿಯಾಪದಗಳನ್ನು ಗಮನಿಸಿ. ಬಲಪಡಿಸುವುದು, ಉತ್ತೇಜಿಸುವುದು, ಸಮಗ್ರವಾಗಿ ಅಭಿವೃದ್ಧಿಪಡಿಸುವುದು ಎಂದಿರುವ ಪ್ರತಿ ಸಾಲಿನ ಎದುರು ಎಷ್ಟು, ಎಲ್ಲಿ, ಯಾವಾಗ ಎಂದು ಬರೆದು ಹಿಂತಿರುಗಿಸುವುದು ಸಲಹೆ ಕೊಡುವ ಅವಧಿಯಲ್ಲಿ ಒಬ್ಬ ನಾಗರಿಕ ಮಾಡಬಹುದಾದ ಅತ್ಯಂತ ಉಪಯುಕ್ತ ಕೆಲಸ ಎಂದು ನಾನು ನಂಬುತ್ತೇನೆ.

ಸಮಿತಿಯಲ್ಲಿ ಯಾರು ಕೂರಬೇಕು ಎಂಬ ಪ್ರಶ್ನೆಯನ್ನು ಯಾವಾಗಲೂ ಕೇಳುತ್ತಾರೆ. ನಾನು ಮೊದಲು ಹೇಳಿದ ಮೆಷರ್ ಆರ್ ತೆರಿಗೆಯ ಮೇಲುಸ್ತುವಾರಿಗೆ ಮೂವರು ನಿವೃತ್ತ ನ್ಯಾಯಾಧೀಶರ ಸಮಿತಿ ಇತ್ತು. ಅದೇ ಕೌಂಟಿಯಲ್ಲಿ 2016ರಲ್ಲಿ ಮೆಷರ್ ಎಂ ಎಂಬ ಇನ್ನೊಂದು ತೆರಿಗೆ ಅಂಗೀಕಾರವಾದಾಗ ಅದಕ್ಕೆ ಏಳು ಜನರ ಬೇರೊಂದು ಸಮಿತಿಯನ್ನು ರಚಿಸಿ, ಹಣಕಾಸು, ಸಾರಿಗೆ, ಎಂಜಿನಿಯರಿಂಗ್, ಲೆಕ್ಕಪರಿಶೋಧನೆ ಮುಂತಾದ ಬೇರೆ ಬೇರೆ ಕ್ಷೇತ್ರಗಳ ಅನುಭವವಿರುವವರನ್ನು ತೆಗೆದುಕೊಳ್ಳುವ ವ್ಯವಸ್ಥೆ ಮಾಡಿದರು. ಈ ಬದಲಾವಣೆಯ ಹಿಂದಿನ ತಿಳಿವಳಿಕೆಯನ್ನು ನಾನು ಒಪ್ಪುತ್ತೇನೆ. ಹಣ ನಿಯಮದ ಪ್ರಕಾರ ಖರ್ಚಾಗಿದೆಯೇ ಎಂಬುದನ್ನು ನ್ಯಾಯಾಧೀಶರೂ ಲೆಕ್ಕಪರಿಶೋಧಕರೂ ಹೇಳಬಲ್ಲರು. ಖರ್ಚಾದ ಹಣಕ್ಕೆ ತಕ್ಕ ಕೆಲಸ ಆಗಿದೆಯೇ ಎಂದು ಹೇಳಲು ಬೇರೆ ಕಣ್ಣು ಬೇಕು. ರಸ್ತೆಗೆಂದು ಮೀಸಲಿಟ್ಟ ಹಣ ರಸ್ತೆಗೇ ಹೋಗಿರಬಹುದು, ರಸೀದಿಗಳೆಲ್ಲ ಸರಿ ಇರಬಹುದು, ಆದರೂ ಆ ರಸ್ತೆ ಯಾರಿಗೂ ಬೇಕಿಲ್ಲದ ಜಾಗದಲ್ಲಿ ಇರಬಹುದು.

ತಜ್ಞರು ಎಂದಾಗ ಪ್ರಯಾಣಿಕರನ್ನೂ ಆ ಮಾತಿನೊಳಗೆ ಸೇರಿಸಿಕೊಳ್ಳಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಇದಕ್ಕೂ ಲಾಸ್ ಏಂಜಲೀಸ್‌ನದೇ ಉದಾಹರಣೆ ಇದೆ. 1994ರಲ್ಲಿ ಅಲ್ಲಿನ ಸಾರಿಗೆ ಸಂಸ್ಥೆ ಬಸ್ ದರ ಏರಿಸಿ ಮಾಸಿಕ ಪಾಸನ್ನು ತೆಗೆದುಹಾಕಲು ಹೊರಟಾಗ, ಹಣವೆಲ್ಲ ರೈಲಿಗೆ ಹರಿಯುತ್ತಿದೆ, ಬಸ್ಸನ್ನೇ ನೆಚ್ಚಿಕೊಂಡ ಬಡವರು ನಿಂತುಕೊಂಡು ಪ್ರಯಾಣಿಸುತ್ತಿದ್ದಾರೆ ಎಂದು ಬಸ್ ಪ್ರಯಾಣಿಕರ ಸಂಘಟನೆಯೊಂದು ಇತರರ ಜೊತೆ ಸೇರಿ ನ್ಯಾಯಾಲಯಕ್ಕೆ ಹೋಯಿತು. 1996ರಲ್ಲಿ ಹತ್ತು ವರ್ಷಗಳ ಒಂದು ರಾಜಿ ಒಪ್ಪಂದವಾಯಿತು. ಅದರ ತಿರುಳು ಬಸ್ಸಿನೊಳಗಿನ ದಟ್ಟಣೆಗೆ ಮಿತಿ ಹಾಕುವುದು. ಜನದಟ್ಟಣೆಯ ಹೊತ್ತಿನಲ್ಲಿ ಒಂದು ಬಸ್ಸಿನಲ್ಲಿ ನಿಂತು ಪ್ರಯಾಣಿಸುವವರ ಸರಾಸರಿ ಸಂಖ್ಯೆ 1997ರ ಕೊನೆಗೆ 15 ದಾಟಬಾರದು, ಅಲ್ಲಿಂದ ಮುಂದೆ ಹಂತ ಹಂತವಾಗಿ ಇನ್ನೂ ಕಡಿಮೆಯಾಗಬೇಕು. ಈ ಅಳತೆಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಬಸ್ಸಿನ ಕಂಬ ಹಿಡಿದು ನಿಂತಿರುವ ಪ್ರಯಾಣಿಕರೊಬ್ಬರು ಸುತ್ತ ಕಣ್ಣಾಡಿಸಿ ತಮ್ಮಂತೆ ನಿಂತಿರುವವರನ್ನು ಎಣಿಸಿದರೆ ಒಪ್ಪಂದ ಪಾಲನೆಯಾಗುತ್ತಿದೆಯೇ ಇಲ್ಲವೇ ಎಂಬ ಅಂದಾಜು ಅಲ್ಲೇ ಸಿಗುತ್ತದೆ. ಸರಾಸರಿ ವೇಗ, ಪ್ರಯಾಣದ ಸೌಲಭ್ಯ ಸೂಚ್ಯಂಕ ಎಂಬಂತಹ ಅಳತೆಗಳನ್ನು ಸಂಸ್ಥೆಯೇ ಲೆಕ್ಕ ಹಾಕಿ ಸಂಸ್ಥೆಯೇ ಪ್ರಕಟಿಸಬೇಕಾಗುತ್ತದೆ. ನಿಂತವರ ಎಣಿಕೆಯನ್ನು ಯಾರು ಬೇಕಾದರೂ ಮಾಡಬಹುದು. ಒಳ್ಳೆಯ ಮೇಲುಸ್ತುವಾರಿಗೆ ಇಂತಹ ಅಳತೆಗಳು ಬೇಕು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ನಾಗರಿಕರ ಪಾಲ್ಗೊಳ್ಳುವಿಕೆಯೆಂದರೆ ಬಿಡುವಿರುವವರ ಪಾಲ್ಗೊಳ್ಳುವಿಕೆ ಎಂದು ಅಧಿಕಾರಿಗಳು ಹೇಳುತ್ತಾರೆ, ಆ ಮಾತಿನಲ್ಲಿ ಸತ್ಯವಿದೆ. ಕೆಲಸದ ದಿನ ಮಧ್ಯಾಹ್ನ ನಡೆಯುವ ಸಭೆಗೆ ಸ್ವಂತ ಮನೆಯಿರುವ, ನಿವೃತ್ತರಾದ, ತಮ್ಮ ಬೀದಿಯಲ್ಲಿ ಬಸ್ ನಿಲ್ದಾಣ ಬೇಡವೆನ್ನುವ ಜನ ಬರಬಲ್ಲರು. ಎರಡು ಬಸ್ಸು ಬದಲಿಸಿ ಕೆಲಸಕ್ಕೆ ಹೋಗುವವರು, ಮಗುವನ್ನು ಶಾಲೆಗೆ ಬಿಟ್ಟು, ಆಸ್ಪತ್ರೆಗೆ ಹೋಗಿ, ಸಂತೆ ಮುಗಿಸಿ ಮನೆ ಸೇರಬೇಕಾದ ಹೆಂಗಸರು, ಗಾಲಿಕುರ್ಚಿಯಲ್ಲಿ ಓಡಾಡುವವರು ಆ ಸಭೆಯಲ್ಲಿ ಇರುವುದಿಲ್ಲ. ಆದರೆ ಇದಕ್ಕೆ ಪರಿಹಾರ ಮೇಲುಸ್ತುವಾರಿಯನ್ನು ಕೈಬಿಡುವುದಲ್ಲ. ಸಭೆಯ ಹೊತ್ತು ಬದಲಿಸುವುದು, ಸದಸ್ಯರಿಗೆ ಆ ದಿನದ ಭತ್ಯೆ ಕೊಡುವುದು, ಕೆಲವು ಸ್ಥಾನಗಳನ್ನು ಚೀಟಿ ಎತ್ತಿ ತುಂಬುವುದು, ಬಸ್ ನಿಲ್ದಾಣಕ್ಕೇ ಹೋಗಿ ಅಭಿಪ್ರಾಯ ಕೇಳುವುದು ಇವೆಲ್ಲ ಮಾಡಲು ಸಾಧ್ಯವಿರುವ ಕೆಲಸಗಳು. ಸಮಿತಿಯ ಕಚೇರಿ ಕೆಲಸವನ್ನು ಯಾರು ಮಾಡುತ್ತಾರೆ ಎಂಬುದನ್ನೂ ಕೇಳಬೇಕು. ಕಾರ್ಯಸೂಚಿ ತಯಾರಿಸುವವರೂ ನಡಾವಳಿ ಬರೆಯುವವರೂ ಪರಿಶೀಲನೆಗೆ ಒಳಗಾಗಬೇಕಾದ ಸಂಸ್ಥೆಯ ನೌಕರರೇ ಆಗಿದ್ದು, ನೂರಾರು ಪುಟಗಳ ವರದಿ ಸಭೆಗೆ ಎರಡು ದಿನ ಮೊದಲು ಕೈಗೆ ಬರುವಂತಿದ್ದರೆ ಎಷ್ಟೇ ಸಮರ್ಥರಾದ ಸದಸ್ಯರಿದ್ದರೂ ಅವರು ತಲೆಯಾಡಿಸುವುದಕ್ಕಿಂತ ಹೆಚ್ಚೇನೂ ಮಾಡಲಾರರು. ಸಮಿತಿಗೆ ತನ್ನದೇ ಆದ ಚಿಕ್ಕ ಸಿಬ್ಬಂದಿ ಬೇಕು, ತನ್ನದೇ ಆದ ಒಬ್ಬ ಲೆಕ್ಕಪರಿಶೋಧಕರನ್ನು ನೇಮಿಸಿಕೊಳ್ಳುವಷ್ಟು ಹಣ ಬೇಕು.

ನಾಗರಿಕರನ್ನು ಕೇಳುತ್ತ ಕೂತರೆ ಕಾಮಗಾರಿ ವಿಳಂಬವಾಗುತ್ತದೆ ಎಂಬ ಇನ್ನೊಂದು ಆಕ್ಷೇಪಕ್ಕೆ ಸ್ವಿಟ್ಜರ್ಲೆಂಡಿನ ಜ್ಯೂರಿಚ್ ನಗರದ ಅನುಭವವೇ ಉತ್ತರ. ಅಲ್ಲಿ ದೊಡ್ಡ ಖರ್ಚುಗಳು ಮತದಾರರ ಮುಂದೆ ಬರಬೇಕು. 1962ರಲ್ಲಿ ಟ್ರಾಮ್‌ಗಳನ್ನು ನೆಲದಡಿಗೆ ಇಳಿಸುವ ಯೋಜನೆಯನ್ನು, 1973ರಲ್ಲಿ ಸುರಂಗ ರೈಲಿನ ಯೋಜನೆಯನ್ನು ಅವರು ತಿರಸ್ಕರಿಸಿದರು. ಇಷ್ಟಾದರೆ ಬೇಡ ಎನ್ನುವವರ ಕಥೆಯಾಗುತ್ತಿತ್ತು. ಆದರೆ 1977ರಲ್ಲಿ ಅವರೇ, ನಾಗರಿಕರೇ ಮುಂದಿಟ್ಟ ಒಂದು ಪ್ರಸ್ತಾವವನ್ನು ಒಪ್ಪಿ, ರಸ್ತೆಯ ಮೇಲಿನ ಟ್ರಾಮ್ ಮತ್ತು ಬಸ್ಸುಗಳಿಗೆ ಆದ್ಯತೆ ಕೊಡುವ ಕೆಲಸಕ್ಕೆ 20 ಕೋಟಿ ಫ್ರಾಂಕ್ ಮಂಜೂರು ಮಾಡಿದರು. ಸಂಚಾರ ದೀಪಗಳು ಟ್ರಾಮ್ ಬರುವುದನ್ನು ಗುರುತಿಸಿ ಹಸಿರಾಗತೊಡಗಿದವು, ಟ್ರಾಮ್‌ಗಳಿಗೆ ಪ್ರತ್ಯೇಕ ಪಥಗಳು ಬಂದವು. 1981ರಲ್ಲಿ ಉಪನಗರ ರೈಲಿಗೂ ಮತದಾರರು ಸಮ್ಮತಿಸಿದರು, ಅದು 1990ರಲ್ಲಿ ಓಡಾಟ ಶುರು ಮಾಡಿತು. ಅಮೆರಿಕದ ಪೋರ್ಟ್‌ಲೆಂಡ್‌ನಲ್ಲೂ ಹೀಗೇ ಆಯಿತು. ಮೌಂಟ್ ಹುಡ್ ಹೆದ್ದಾರಿಯನ್ನು ಅಲ್ಲಿನ ನಿವಾಸಿಗಳು ವಿರೋಧಿಸಿ 1974ರಲ್ಲಿ ನಗರ ಪರಿಷತ್ತು ಅದನ್ನು ಕೈಬಿಟ್ಟಾಗ, ಹೆದ್ದಾರಿಯ ಹಣವನ್ನು ಇತರ ಸಾರಿಗೆ ಕೆಲಸಗಳಿಗೆ ವರ್ಗಾಯಿಸಲು 1973ರ ಕಾನೂನು ದಾರಿ ಮಾಡಿಕೊಟ್ಟಿತ್ತು. 1986ರಲ್ಲಿ ಆರಂಭವಾದ ಅಲ್ಲಿನ ಲಘು ರೈಲಿಗೆ ಆ ಹಣದ ಆಸರೆ ಸಿಕ್ಕಿತು. ಬೇಡ ಎಂದ ಮೇಲೆ ಆ ಹಣ ಏನಾಗುತ್ತದೆ ಎಂಬ ಪ್ರಶ್ನೆಗೆ ಮೊದಲೇ ಉತ್ತರವಿದ್ದರೆ, ಬಂದ ಅನುದಾನ ಕೈತಪ್ಪಿಹೋಗುತ್ತದೆ ಎಂಬ ಭಯದಿಂದ ಕೆಟ್ಟ ಕಾಮಗಾರಿಯನ್ನು ಒಪ್ಪಿಕೊಳ್ಳಬೇಕಾಗಿ ಬರುವುದಿಲ್ಲ.

ಖರ್ಚಾದ ಹಣದ ಬಗ್ಗೆ ಇಷ್ಟು ಹೊತ್ತು ಮಾತಾಡಿದೆ. ಖರ್ಚು ಮಾಡದ ಹಣದ ಮೇಲೂ ಕಣ್ಣಿಡಬೇಕು. ವಾಷಿಂಗ್ಟನ್‌ನ ಮೆಟ್ರೊ 1976ರಲ್ಲಿ ಆರಂಭವಾಯಿತು. ನಾಲ್ಕು ದಶಕ ಕಳೆದರೂ ಅದರ ದುರಸ್ತಿ ಮತ್ತು ನವೀಕರಣಕ್ಕೆಂದೇ ಮೀಸಲಾದ ಆದಾಯ ಮೂಲ ಇರಲಿಲ್ಲ, ವರ್ಷ ವರ್ಷವೂ ಸುತ್ತಲಿನ ಸರ್ಕಾರಗಳ ಮುಂದೆ ಕೈಯೊಡ್ಡಬೇಕಿತ್ತು. 2015ರ ಜನವರಿಯಲ್ಲಿ ಸುರಂಗದೊಳಗೆ ಹೊಗೆ ತುಂಬಿ ಒಬ್ಬ ಪ್ರಯಾಣಿಕರು ಸತ್ತರು, ಹಲವರು ಅಸ್ವಸ್ಥರಾದರು. 2016ರಲ್ಲಿ ದುರಸ್ತಿಗಾಗಿ ಮಾರ್ಗದ ಭಾಗಗಳನ್ನು ಒಂದೊಂದಾಗಿ ಮುಚ್ಚಬೇಕಾಯಿತು. 2018ರಲ್ಲಿ ಮಾತ್ರ ವರ್ಷಕ್ಕೆ 50 ಕೋಟಿ ಡಾಲರುಗಳ ಮೀಸಲು ಹಣಕ್ಕೆ ವಾಷಿಂಗ್ಟನ್ ನಗರ, ಮೇರಿಲೆಂಡ್ ಮತ್ತು ವರ್ಜೀನಿಯಾ ಈ ಮೂರೂ ಸರ್ಕಾರಗಳು ಒಪ್ಪಿದವು. ಹಳಿ ಬದಲಿಸಿದ್ದಕ್ಕೆ, ಕೇಬಲ್ ಬದಲಿಸಿದ್ದಕ್ಕೆ ಯಾರೂ ಉದ್ಘಾಟನಾ ಸಮಾರಂಭ ಮಾಡುವುದಿಲ್ಲ, ಆದ್ದರಿಂದ ಆ ಬಾಬ್ತಿನ ಹಣವೇ ಮೊದಲು ಕಡಿತವಾಗುತ್ತದೆ. ಹೊಸ ಮಾರ್ಗವೊಂದಕ್ಕೆ ಒಪ್ಪಿಗೆ ಕೇಳಲು ಬಂದವರ ಬಳಿ ಮುಂದಿನ 30 ವರ್ಷಗಳ ನಿರ್ವಹಣೆಗೆ ಹಣ ಎಲ್ಲಿಂದ ಎಂದು ಕೇಳಬೇಕು. ಉತ್ತರ ಬರದಿದ್ದರೆ ಆ ಅಂದಾಜು ಅರ್ಧ ಮಾತ್ರ ಬರೆದ ಅಂದಾಜು.

ಕೊನೆಯದಾಗಿ, ಕಾಮಗಾರಿ ಮುಗಿದ ನಂತರದ ಮಾತು. ರಿಬ್ಬನ್ ಕತ್ತರಿಸಿದ ಮರುದಿನ ಎಲ್ಲ ಸಮಿತಿಗಳೂ ಮುಂದಿನ ಕಾಮಗಾರಿಯ ಕಡೆ ತಿರುಗುತ್ತವೆ. ಫ್ರಾನ್ಸ್‌ನಲ್ಲಿ ಹಾಗೆ ತಿರುಗಲು ಕಾನೂನು ಬಿಡುವುದಿಲ್ಲ. 1982ರ ಡಿಸೆಂಬರ್‌ನಲ್ಲಿ ಬಂದ ಅಲ್ಲಿನ ಸಾರಿಗೆ ಕಾನೂನಿನ ಪ್ರಕಾರ, ಸಾರ್ವಜನಿಕ ಹಣ ಪಡೆದ ದೊಡ್ಡ ಸಾರಿಗೆ ಕಾಮಗಾರಿ ಬಳಕೆಗೆ ತೆರೆದುಕೊಂಡ ಮೂರರಿಂದ ಐದು ವರ್ಷಗಳೊಳಗೆ ಅದರ ಆರ್ಥಿಕ ಮತ್ತು ಸಾಮಾಜಿಕ ಫಲಿತಾಂಶಗಳ ಲೆಕ್ಕ ತಯಾರಿಸಿ ಬಹಿರಂಗಪಡಿಸಬೇಕು. ಎಷ್ಟು ಖರ್ಚಾಗುತ್ತದೆ ಎಂದಿದ್ದರು, ಎಷ್ಟಾಯಿತು, ಎಷ್ಟು ಜನ ಬರುತ್ತಾರೆ ಎಂದಿದ್ದರು, ಎಷ್ಟು ಜನ ಬಂದರು ಎಂಬುದನ್ನು ಮೊದಲ ಅಂದಾಜಿನ ಪಕ್ಕದಲ್ಲೇ ಇಟ್ಟು ತೋರಿಸಬೇಕು. ಇಂತಹ ಲೆಕ್ಕಗಳು ಮುಂದಿನ ಕಾಮಗಾರಿಯ ಅಂದಾಜನ್ನು ಪ್ರಶ್ನಿಸಲು ಬೇಕಾದ ಹಳೆಯ ಕಡತವನ್ನು ತಾವಾಗಿಯೇ ಕಟ್ಟಿಕೊಡುತ್ತವೆ. ಇಂತಹ ಕಾನೂನು ಇಲ್ಲದ ಕಡೆಯೂ ಇದನ್ನು ತರಲು ಸಾಧ್ಯ. ಯೋಜನೆಗೆ ಒಪ್ಪಿಗೆ ಕೊಡುವ ನಿರ್ಣಯದಲ್ಲೇ ಎರಡು ಸಾಲು ಸೇರಿಸುವಂತೆ ಕೇಳಿ: ತೆರೆದ ಮೂರನೇ ವರ್ಷದ ಯಾವ ತಿಂಗಳಲ್ಲಿ ಈ ಪರಿಶೀಲನೆ ನಡೆಯಬೇಕು, ಅದಕ್ಕೆ ಬೇಕಾದ ಹಣವನ್ನು ಯಾವ ಬಾಬ್ತಿನಿಂದ ಈಗಲೇ ತೆಗೆದಿಡಬೇಕು.